ಹಿಡ್ಲುಮನೆ ಜಲಪಾತಕ್ಕೆ ಹೋಗುವವರಿಗೆ

ಹೊಸನಗರ ತಾಲ್ಲೂಕಿನ ನಿಟ್ಟೂರಿಗೆ ಸಮೀಪದಲ್ಲಿ, ಕೊಡಚಾದ್ರಿಯ ಮಗ್ಗುಲಿನಲ್ಲಿ, ಹಿಡ್ಲುಮನೆ ಜಲಪಾತವು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. (ಸಂಸ್ಕೃತದ ಕುಟಜಾದ್ರಿಯೇ ಕೊಡಚಾದ್ರಿಯೆಂದು ಹೇಳುವರು, ಕುಟಜವೆಂದರೆ ನಮ್ಮ ಕೊಡಸಿಗೆ ಗಿಡ.) ಜಲಪಾತದ ಪಕ್ಕದಿಂದ ಕಾಡುಹಾದಿಯಲ್ಲಿ ಏರಿ, 1343 ಮೀಟರ್ ಎತ್ತರದ ಶಿಖರವನ್ನು ಕಂಡು, ಜೀಪು ಓಡುವ ದಾರಿಯಿಂದ ಕಟ್ಟಿನಹೊಳೆಯ ಕಡೆಗೆ ಇಳಿದರೆ, ಬಂದ ಹಾದಿಯನ್ನೇ ಮತ್ತೆ ತುಳಿಯಬೇಕಾಗುವುದಿಲ್ಲ. ಇದನ್ನು ತಿರುಗುಮುರುಗಾಗಿ ಮಾಡುವವರೂ ಉಂಟು, ನನಗದು ಸಮ್ಮತವಲ್ಲ. ಪಾಚಿಗಟ್ಟಿದ ಬಂಡೆಯನ್ನು ಏರುವಾಗ ಕೈಗಳೂ ನೆರವಾಗುತ್ತವೆ. ಇಳಿಯುವಾಗಲಾದರೋ ದೇಹಭಾರವೆಲ್ಲವೂ ದಣಿದ ಮೊಣಕಾಲುಗಳ ಮೇಲೆಯೇ ಬೀಳುವುದು.

ಇನ್ನು ಕಾಲದ ವಿಚಾರ. ಆಷಾಢ ಶ್ರಾವಣಗಳಲ್ಲಿ ನೀರು ಭೋರ್ಗರೆಯುವುದೇನೋ ನಿಜ. ಆದರೆ ಬಂಡೆ ಜಾರುವುದು, ಉಂಬಳಗಳೂ ಕಾಲಿಗೆ ಹತ್ತುವುವು. ಫಾಲ್ಗುಣದ ಹೊತ್ತಿಗೆ ಧಾರೆ ಸೊರಗಿರುತ್ತದೆ. ಕಾರ್ತಿಕ ಮಾರ್ಗಶಿರಗಳೇ ಸಂಸಾರವಂದಿಗರಿಗೆ ಯೋಗ್ಯವಾದ ಮಾಸಗಳು. ಆಗಲೂ ಉಪ್ಪಿನ ಪೊಟ್ಟಣವೊಂದು ಜೊತೆಯಲ್ಲಿರಲಿ. ಶಿಖರದ ಸುತ್ತಣ ಕಾಡು ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದುದು. ಆದುದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ವಿಚಾರಿಸಿಕೊಂಡೇ ಹೊರಡತಕ್ಕದ್ದು.

ಸರ್ವಜ್ಞಪೀಠದ ಶಿಲಾಮಂಟಪದ ಬಳಿ ಸೂರ್ಯಾಸ್ತವನ್ನು ನೋಡಬೇಕೆಂಬ ಆಸೆ ಎಲ್ಲರಿಗೂ ಇರುವುದು ಸಹಜ. ಮಾರ್ಗಶಿರದಲ್ಲಿ ಸೂರ್ಯನು ಆರು ಗಂಟೆಯ ಸುಮಾರಿಗೇ ಮುಳುಗುತ್ತಾನೆ. ಬಳಿಕ ಮಕ್ಕಳೊಡನೆ ಕಾಡಿನಲ್ಲಿ ನಡೆಯುವುದು ಸಲ್ಲದು. ಮೂರು ಗಂಟೆಗೇ ಇಳಿಯತೊಡಗಿರಿ. ಸೂರ್ಯಾಸ್ತವನ್ನು ಬಿಡಲಾರೆವೆಂಬವರು ಜೀಪೊಂದನ್ನು ಬೆಳಗ್ಗೆಯೇ ಗೊತ್ತುಮಾಡಿಕೊಳ್ಳಿರಿ.