ಕೊಲೆಸ್ಟ್ರಾಲ್ ಮಾತ್ರೆ: ವ್ರತ, ಉಪವಾಸಗಳ ನಡುವೆ ಸುರಕ್ಷಿತವಾಗಿ ಸೇವಿಸುವುದು ಹೇಗೆ?

ಪರ್ಯೂಷಣ ಮತ್ತು ದಶಲಕ್ಷಣ ಪರ್ವದ ದಿನಗಳು ಹತ್ತಿರ ಬಂದಂತೆ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಹಿರಿಯರು ಒಂದು ಪ್ರಶ್ನೆ ಕೇಳುತ್ತಾರೆ. "ಉಪವಾಸದಲ್ಲಿ ಕೊಲೆಸ್ಟ್ರಾಲ್ ಮಾತ್ರೆ ನುಂಗಬಹುದೇ, ಬಿಡಬಹುದೇ?" ಕೆಲವರು ಯಾರನ್ನೂ ಕೇಳದೆ ಹತ್ತು ದಿನ ಬಿಟ್ಟುಬಿಡುತ್ತಾರೆ. ವರದಿ ಸರಿಯಾಗಿದೆ ಎಂದು ಶಾಶ್ವತವಾಗಿ ಬಿಡುವವರೂ ಇದ್ದಾರೆ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂತಹ ಊರುಗಳಲ್ಲಿ ಈ ಪ್ರಶ್ನೆಗೆ ಹೆಚ್ಚು ತೂಕವಿದೆ. ಹೃದಯ ತಜ್ಞರನ್ನು ಕಾಣಲು ಮಂಡ್ಯಕ್ಕೋ ಮೈಸೂರಿಗೋ ಹೋಗಬೇಕು. ಒಮ್ಮೆ ಬರೆದುಕೊಟ್ಟ ಚೀಟಿಯಲ್ಲೇ ವರ್ಷಗಟ್ಟಲೆ ಮಾತ್ರೆ ತರುವುದು ರೂಢಿ. ಆದ್ದರಿಂದ ಈ ಮಾತ್ರೆಯ ಬಗ್ಗೆ ಮನೆಯವರಿಗೆಲ್ಲ ತಿಳಿದಿರುವುದು ಒಳ್ಳೆಯದು.

ಶಾಕಾಹಾರಿಗಳಿಗೂ ಕೊಲೆಸ್ಟ್ರಾಲ್ ಏಕೆ?

ಮಾಂಸ, ಮೊಟ್ಟೆ ಮುಟ್ಟದವರಿಗೆ ಕೊಲೆಸ್ಟ್ರಾಲ್ ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ಇದು ಪೂರ್ತಿ ನಿಜವಲ್ಲ. ದೇಹದಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲನ್ನು ದೇಹವೇ ತಯಾರಿಸುತ್ತದೆ. ಇದರಲ್ಲಿ ಲಿವರಿನ ಪಾತ್ರ ದೊಡ್ಡದು. ತುಪ್ಪ, ಬೆಣ್ಣೆ, ವನಸ್ಪತಿ, ಕರಿದ ತಿಂಡಿಗಳು ಅದನ್ನು ಏರಿಸುತ್ತವೆ. ವಂಶದಿಂದ ಬರುವುದೂ ಉಂಟು. ಇಡೀ ದಿನ ಅಂಗಡಿಯ ಗಲ್ಲಾದ ಮುಂದೆ ಕುಳಿತೇ ಇರುವವರಿಗೆ ನಡಿಗೆ ಕಡಿಮೆ, ಅದೂ ಹೃದಯಕ್ಕೆ ಒಳ್ಳೆಯದಲ್ಲ.

ವರದಿಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಎಲ್‌ಡಿಎಲ್. ಇದು ರಕ್ತನಾಳದ ಗೋಡೆಗೆ ಅಂಟಿ ದಾರಿಯನ್ನು ಕಿರಿದಾಗಿಸುವ ಕೊಲೆಸ್ಟ್ರಾಲ್. ಸಾಮಾನ್ಯವಾಗಿ ಅದು 100ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ 70ಕ್ಕಿಂತ ಕೆಳಗೆ ತರಲು ವೈದ್ಯರು ಹೇಳುತ್ತಾರೆ. ಕೆಲವರಿಗೆ ಇನ್ನೂ ಕೆಳಗಿನ ಗುರಿ ಇಡುತ್ತಾರೆ. ಆದ್ದರಿಂದ ಪಕ್ಕದ ಮನೆಯವರ ವರದಿಯೊಂದಿಗೆ ನಮ್ಮ ವರದಿಯನ್ನು ಹೋಲಿಸಬಾರದು.

ಮಾತ್ರೆ ಮಾಡುವ ಕೆಲಸ

ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಸ್ಟ್ಯಾಟಿನ್ ತಡೆಯುತ್ತದೆ. ಆಗ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಮಾತ್ರೆ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಎಲ್‌ಡಿಎಲ್ ಮತ್ತೆ ಹಳೆಯ ಮಟ್ಟಕ್ಕೆ ಏರುತ್ತದೆ. ವರದಿ ಸರಿ ಬಂದಿರುವುದು ಮಾತ್ರೆಯ ಫಲದಿಂದಲೇ. ಅದನ್ನು ಕಂಡು ಮಾತ್ರೆ ಬಿಡುವುದು ಸೂರು ಸೋರುತ್ತಿಲ್ಲ ಎಂದು ಹೆಂಚು ತೆಗೆದಂತೆ.

ಈ ಔಷಧಿ ಎಲ್ಲಿಂದ ಬಂತು ಎಂದು ನಮ್ಮವರು ಕೇಳುವುದು ಸಹಜ. ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಅವರು 1970ರ ದಶಕದಲ್ಲಿ ಒಂದು ಬೂಷ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಅನ್ನು ಕಂಡುಹಿಡಿದರು. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲೋವಾಸ್ಟ್ಯಾಟಿನ್ ಕೂಡ ಬೂಷ್ಟಿನಿಂದ ಬಂದದ್ದು. ಆದರೆ ಇಂದು ನಮ್ಮಲ್ಲಿ ಹೆಚ್ಚಾಗಿ ಬರೆದುಕೊಡುವ ಅಟೋರ್ವಾಸ್ಟ್ಯಾಟಿನ್ ಮತ್ತು ರೋಸುವಾಸ್ಟ್ಯಾಟಿನ್ ಎರಡನ್ನೂ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸುತ್ತಾರೆ.

ಕ್ಯಾಪ್ಸೂಲ್ ವಿಷಯದಲ್ಲಿ ಎಚ್ಚರ

ಸ್ಟ್ಯಾಟಿನ್ ಒಂದೇ ಇದ್ದರೆ ಅದು ಸಾಮಾನ್ಯವಾಗಿ ಮಾತ್ರೆಯ ರೂಪದಲ್ಲಿರುತ್ತದೆ. ಸ್ಟ್ಯಾಟಿನ್ ಜೊತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಸೇರಿದ ಔಷಧಿಗಳು ಹೆಚ್ಚಾಗಿ ಕ್ಯಾಪ್ಸೂಲ್ ಆಗಿ ಬರುತ್ತವೆ. ಆ ಕ್ಯಾಪ್ಸೂಲಿನ ಹೊರಕವಚ ಬಹುತೇಕ ಜೆಲಟಿನ್, ಅಂದರೆ ಪ್ರಾಣಿಜನ್ಯ. ಇದು ತಿಳಿದ ಕೂಡಲೇ ಮನಸ್ಸಿಗೆ ನೋವಾಗಿ ಕ್ಯಾಪ್ಸೂಲ್ ನಿಲ್ಲಿಸುವವರಿದ್ದಾರೆ. ಇಲ್ಲಿಯೇ ದೊಡ್ಡ ಅಪಾಯ. ಅದರೊಂದಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯೂ ನಿಂತುಹೋಗುತ್ತದೆ. ಸ್ಟೆಂಟ್ ಹಾಕಿಸಿಕೊಂಡವರಲ್ಲಿ, ಅದರಲ್ಲೂ ಮೊದಲ ವರ್ಷದಲ್ಲಿ, ಇದರಿಂದ ಸ್ಟೆಂಟ್ ಮುಚ್ಚಿಹೋಗಿ ಪ್ರಾಣಕ್ಕೇ ಕುತ್ತು ಬರಬಹುದು.

ಇದಕ್ಕೆ ದಾರಿಯಿದೆ. "ನಾವು ಜೈನರು, ಜೆಲಟಿನ್ ಬೇಡ, ಇದೇ ಔಷಧಿಗಳನ್ನು ಬೇರೆ ಬೇರೆ ಮಾತ್ರೆಗಳಾಗಿ ಬರೆದುಕೊಡಿ" ಎಂದು ವೈದ್ಯರಿಗೆ ಹೇಳಿ. ಮೂರೂ ಔಷಧಿಗಳು ಮಾತ್ರೆಯಾಗಿ ಸಿಗುತ್ತವೆ. ಹೊಸ ಮಾತ್ರೆ ಕೈಗೆ ಬರುವವರೆಗೆ ಹಳೆಯದನ್ನು ನಿಲ್ಲಿಸಬೇಡಿ.

ಸೂರ್ಯಾಸ್ತಕ್ಕೆ ಮೊದಲೇ ನುಂಗಬಹುದು

"ರಾತ್ರಿ ಮಲಗುವ ಮುನ್ನ" ಎಂದು ಚೀಟಿಯಲ್ಲಿ ಬರೆದಿದ್ದರೆ ರಾತ್ರಿಭೋಜನ ತ್ಯಾಗ ಮಾಡಿದವರಿಗೆ, ಸೂರ್ಯಾಸ್ತದ ನಂತರ ನೀರನ್ನೂ ಬಿಟ್ಟವರಿಗೆ ಗೊಂದಲ. ಸಿಮ್ವಾಸ್ಟ್ಯಾಟಿನ್‌ನಂತಹ ಹಳೆಯ ಮಾತ್ರೆಗಳು ಸಂಜೆಯ ಹೊತ್ತಿಗೆ ನುಂಗಿದರೆ ಚೆನ್ನಾಗಿ ಕೆಲಸ ಮಾಡುತ್ತವೆ. ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ದೇಹದಲ್ಲಿ ಹೆಚ್ಚು ಹೊತ್ತು ಇರುತ್ತವೆ, ಆದ್ದರಿಂದ ದಿನದ ಯಾವ ಹೊತ್ತಿನಲ್ಲಾದರೂ ನುಂಗಬಹುದು. ಊಟದ ನಂತರವೇ ಆಗಬೇಕೆಂದೂ ಇಲ್ಲ. ವೈದ್ಯರಿಗೆ ತಿಳಿಸಿ ಬೆಳಗಿನ ಹೊತ್ತಿಗೆ ಅಥವಾ ಸಂಜೆಯ ಊಟದ ಹೊತ್ತಿಗೆ ಬದಲಿಸಿಕೊಳ್ಳಿ. ಮುಖ್ಯವಾದದ್ದು ದಿನವೂ ಒಂದೇ ಹೊತ್ತು. ಒಂದು ದಿನ ಮರೆತರೆ ಮರುದಿನ ಎರಡು ಮಾತ್ರೆ ಒಟ್ಟಿಗೆ ನುಂಗಬಾರದು.

ಉಪವಾಸದ ದಿನಗಳಲ್ಲಿ

ಏಕಭುಕ್ತ ಮಾಡುವವರು ಊಟದ ಹೊತ್ತಿನಲ್ಲೇ ಮಾತ್ರೆ ನುಂಗಬಹುದು. ಕಾಯಿಸಿ ಆರಿಸಿದ ನೀರು ಮಾತ್ರ ಕುಡಿಯುವವರು ಆ ನೀರಿನೊಂದಿಗೇ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನೂ ತಮ್ಮ ಗುರುಗಳನ್ನೂ ಮೊದಲೇ ಕೇಳಿಕೊಳ್ಳಲಿ. ನೀರನ್ನೂ ಬಿಟ್ಟು ಹಲವು ದಿನ ಉಪವಾಸ ಮಾಡುವವರಿಗೆ ವೈದ್ಯರ ಸಲಹೆ ಅತ್ಯಗತ್ಯ. ದೇಹದಲ್ಲಿ ನೀರು ಕಡಿಮೆಯಾದಾಗ ಕಿಡ್ನಿಯ ಮೇಲೆ ಭಾರ ಬೀಳುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳ ಲೆಕ್ಕವೇ ಬೇರೆ. ಅವುಗಳ ಪ್ರಮಾಣ ಬದಲಿಸದೆ ಉಪವಾಸ ಮಾಡಿದರೆ ಸಕ್ಕರೆ ಒಮ್ಮೆಲೇ ಇಳಿದು ತಲೆಸುತ್ತಿ ಬೀಳಬಹುದು. ಪರ್ವಕ್ಕೆ ಎರಡು ವಾರ ಮೊದಲೇ ಎಲ್ಲ ಮಾತ್ರೆಗಳನ್ನೂ ತೆಗೆದುಕೊಂಡು ಹೋಗಿ ಕೇಳುವುದು ಜಾಣತನ. ದೀರ್ಘ ಉಪವಾಸದ ಪಾರಣೆಯಾದ ಕೂಡಲೇ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಬೇಡಿ, ಆ ಅಂಕಿ ಎಂದಿನ ಸ್ಥಿತಿಯನ್ನು ತೋರಿಸುವುದಿಲ್ಲ.

ಯಾವ ನೋವು ಸಹಜ, ಯಾವುದು ಎಚ್ಚರಿಕೆ?

ಶ್ರವಣಬೆಳಗೊಳದ ದೊಡ್ಡಬೆಟ್ಟದ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿಬಂದರೆ ಮರುದಿನ ಕಾಲು ನೋಯುವುದು ಸಹಜ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟ ಹತ್ತಿದರೂ ಹಾಗೆಯೇ. ಅದು ಎರಡು ಮೂರು ದಿನದಲ್ಲಿ ಹೋಗುತ್ತದೆ. ಆದರೆ ಯಾವ ಶ್ರಮವೂ ಇಲ್ಲದೆ ಎರಡೂ ತೊಡೆ, ಎರಡೂ ಭುಜಗಳಲ್ಲಿ ನೋವು, ಕುಳಿತಲ್ಲಿಂದ ಏಳಲಾಗದ ನಿಶ್ಶಕ್ತಿ ಕಂಡರೆ ವೈದ್ಯರಿಗೆ ತಿಳಿಸಿ. ಅದರೊಂದಿಗೆ ಮೂತ್ರ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಕಣ್ಣು ಹಳದಿಯಾದರೂ ಹಾಗೆಯೇ. ಇಂತಹ ತೀವ್ರ ತೊಂದರೆ ಬಹಳ ಅಪರೂಪ.

ಮೈಕೈ ನೋವಿಗೆಲ್ಲ ಸ್ಟ್ಯಾಟಿನ್ ಕಾರಣವಲ್ಲ. ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆ ಇದ್ದರೂ ಸ್ನಾಯು ನೋಯುತ್ತದೆ. ಶಾಕಾಹಾರಿಗಳಲ್ಲಿ ಬಿ12 ಕೊರತೆಯೂ ಸಾಮಾನ್ಯ, ಅದರಿಂದ ಕೈಕಾಲು ಜೋಮು ಹಿಡಿಯುತ್ತದೆ. ಈ ಪರೀಕ್ಷೆಗಳನ್ನು ಮಾಡಿಸಿದರೆ ನಿಜವಾದ ಕಾರಣ ತಿಳಿಯಬಹುದು. ಒಂದು ಸ್ಟ್ಯಾಟಿನ್ ಒಗ್ಗದಿದ್ದರೆ ಪ್ರಮಾಣ ಇಳಿಸಲು, ಬೇರೆ ಸ್ಟ್ಯಾಟಿನ್ ಕೊಡಲು ವೈದ್ಯರಿಗೆ ಅವಕಾಶವಿದೆ. ಕೆಲವರಲ್ಲಿ ರಕ್ತದ ಸಕ್ಕರೆ ಸ್ವಲ್ಪ ಏರಬಹುದು. ಆದರೆ ಅಪಾಯದ ಅಂಚಿನಲ್ಲಿರುವವರಿಗೆ ಹೃದಯಾಘಾತ, ಪಾರ್ಶ್ವವಾಯು ತಪ್ಪುವ ಲಾಭವೇ ದೊಡ್ಡದು.

ಮನೆಯವರು ನೆನಪಿಡಬೇಕಾದದ್ದು

ಒಂದೇ ಔಷಧಿ ಹಲವು ಕಂಪನಿಗಳ ಹೆಸರಿನಲ್ಲಿ ಬರುತ್ತದೆ. ಇಬ್ಬರು ವೈದ್ಯರ ಚೀಟಿಯಿಂದ ಎರಡು ಹೆಸರಿನ ಒಂದೇ ಮಾತ್ರೆ ನುಂಗಿದವರಿದ್ದಾರೆ. ಸ್ಟ್ರಿಪ್ಪಿನ ಮೇಲಿರುವ ಮೂಲ ಔಷಧಿಯ ಹೆಸರನ್ನು ನೋಡಿ. ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆ, ಆದ್ದರಿಂದ ಖರ್ಚಿನ ಕಾರಣಕ್ಕೆ ನಿಲ್ಲಿಸಬೇಕಿಲ್ಲ.

ಕ್ಲಾರಿಥ್ರೋಮೈಸಿನ್‌ನಂತಹ ಆಂಟಿಬಯೋಟಿಕ್, ಫಂಗಸ್ ಸೋಂಕಿನ ಕೆಲವು ಮಾತ್ರೆಗಳು ಸ್ಟ್ಯಾಟಿನ್ ಜೊತೆ ಸೇರಿದರೆ ತೊಂದರೆ ಕೊಡಬಹುದು. ಬೇರೆ ಕಾಯಿಲೆಗೆ ಔಷಧಿ ಪಡೆಯುವಾಗ ಈ ಮಾತ್ರೆಯ ವಿಷಯ ಹೇಳಿ. ಆಸಿಡಿಟಿ ಔಷಧಿಯನ್ನು ರೋಸುವಾಸ್ಟ್ಯಾಟಿನ್ ನುಂಗಿ ಎರಡು ಗಂಟೆಯ ನಂತರ ಕುಡಿಯಿರಿ. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು, ಎದೆಹಾಲು ಕೊಡುವವರು ಸ್ಟ್ಯಾಟಿನ್ ಬಗ್ಗೆ ಮೊದಲೇ ವೈದ್ಯರೊಂದಿಗೆ ಮಾತಾಡಲೇಬೇಕು.

ಮಾತ್ರೆ ಶುರುಮಾಡಿದ ಅಥವಾ ಪ್ರಮಾಣ ಬದಲಿಸಿದ 4ರಿಂದ 12 ವಾರಗಳಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ನಂತರ ವೈದ್ಯರು ಹೇಳಿದಂತೆ ವರ್ಷಕ್ಕೆ ಒಂದೆರಡು ಬಾರಿ ಸಾಕು. ಮಾತ್ರೆ ಇದೆಯೆಂದು ತುಪ್ಪದ ಒಬ್ಬಟ್ಟಿಗೆ, ಕರಿದ ತಿಂಡಿಗೆ ಮಿತಿ ಬಿಡಬಾರದು. ಊನೋದರ, ಅಂದರೆ ಹಸಿವಿಗಿಂತ ಒಂದು ತುತ್ತು ಕಡಿಮೆ ಉಣ್ಣುವುದು, ನಮ್ಮ ಧರ್ಮ ಹೇಳಿದ ತಪಸ್ಸು. ಅದು ಹೃದಯಕ್ಕೂ ಹಿತ.

ದೇಹವು ಧರ್ಮಸಾಧನೆಗೆ ಆಧಾರ. ವೈದ್ಯರು ಹೇಳಿದ ಮಾತ್ರೆಯನ್ನು ವಿವೇಕದಿಂದ ನುಂಗಿದರೆ ವ್ರತವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಈ ಪರ್ವಕ್ಕೆ ಮೊದಲು ಮನೆಯ ಹಿರಿಯರ ಮಾತ್ರೆಯ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ.