ಹಳೆ ಡಬ್ಬದಿಂದ ಸೌದೆ ಒಲೆ



ನಮ್ಮ ದಂಡಿಗನಹಳ್ಳಿ ಕಡೆ ಒಲೆಗೆ ಏನೇನು ಹಾಕ್ತೀವಿ? ತೆಂಗಿನ ಸೋಗೆ, ಎಡೆಮಟ್ಟೆ, ಚಿಪ್ಪು, ಜಾಲಿ ಪುಳ್ಳೆ. ಈಗ ಬಹಳ ಮನೆಗಳಿಗೆ ಗ್ಯಾಸ್ ಬಂದಿದೆ. 2016ರಲ್ಲಿ ಉಜ್ವಲ ಯೋಜನೆ ಶುರುವಾಯಿತು. ಆದರೂ ಸೌದೆ ಒಲೆ ಹೋಗಿಲ್ಲ. ಸ್ನಾನದ ನೀರಿಗೆ ಸೌದೆ ಬೇಕು. ಸಿಲಿಂಡರ್ ಮುಗಿದರೂ ಸೌದೆಯೇ ಗತಿ.

ಸೌದೆ ಜೊತೆಗೆ ಹೊಗೆಯೂ ಬರುತ್ತೆ. ಕಣ್ಣು ಉರಿಯುತ್ತೆ, ಕೆಮ್ಮು ಬರುತ್ತೆ. ಸೆರಗಲ್ಲಿ ಕಣ್ಣು ಒರೆಸಿಕೊಂಡು ಸುಮ್ಮನಾಗ್ತೀವಿ. ಆದರೆ ಇದು ಸಣ್ಣ ವಿಷಯ ಅಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಒಲೆ ಮುಂದೆ ಕೂರುವವರು ನಾವು. ನಮ್ಮ ಮಡಿಲಲ್ಲಿ ಕೂರುವುದು ಮಗು.

ಹೊಗೆ ಯಾಕೆ ಬರುತ್ತೆ?

ಸೌದೆ ಕಾದಾಗ ಅದರಿಂದ ಒಂದು ಅನಿಲ ಹೊರಡುತ್ತೆ. ಅದು ಹೊತ್ತಿಕೊಂಡರೆ ಉರಿ. ಹೊತ್ತಿಕೊಳ್ಳದೆ ಹೋದರೆ ಹೊಗೆ. ಅಂದರೆ ಹೊಗೆಯೂ ಸೌದೆಯೇ. ನಾವು ಹೊತ್ತು ತಂದ ಸೌದೆ ಉರಿಯದೆ ಹಾರಿಹೋಗುತ್ತೆ! ಸೌದೆ ಹಸಿ ಇದ್ದರೆ ಹೊಗೆ. ಗಾಳಿ ಸಾಲದೆ ಇದ್ದರೆ ಹೊಗೆ. ಒಲೆ ತಣ್ಣಗಿದ್ದರೂ ಹೊಗೆ.

ಇದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಒಂದು ದಾರಿ ಹುಡುಕಿದರು. ಅಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದು ಅದರ ಕೆಲಸ. 1980ರ ದಶಕದಲ್ಲಿ ಅವರ 'ಅಸ್ತ್ರ ಒಲೆ' ಕರ್ನಾಟಕದ ಹಳ್ಳಿಗಳಿಗೆ ಬಂತು. ಅದು ಮಣ್ಣಿನ ಒಲೆ. ಮೂರು ಪಾತ್ರೆ ಇಡಬಹುದು. ಗಾಳಿ ಬರಲು ಕೆಳಗೆ ಜಾಲರಿ, ಹೊಗೆ ಹೋಗಲು ಕೊಳವೆ.

ಅದೇ ಕಾಲದಲ್ಲಿ ಅಮೆರಿಕದಲ್ಲಿ 'ರಾಕೆಟ್ ಒಲೆ' ಎಂಬ ಇನ್ನೊಂದು ಒಲೆ ಹುಟ್ಟಿತು. ಇದನ್ನು ಗುಜರಿಗೆ ಹಾಕುವ ಡಬ್ಬದಿಂದಲೇ ಮಾಡಬಹುದು. ಬನ್ನಿ, ಮಾಡೋಣ.

ಏನೇನು ಬೇಕು?

15 ಕಿಲೋ ಎಣ್ಣೆ ಡಬ್ಬ ಒಂದು. ಐದು ಅಂಗುಲ ಅಗಲದ ಸಣ್ಣ ಡಬ್ಬ ಎರಡು. ನಾಲ್ಕು ಅಂಗುಲ ಅಗಲದ ಡಬ್ಬ ಒಂದು. ಜರಡಿ ಹಿಡಿದ ಒಲೆ ಬೂದಿ. ತಗಡು ಕತ್ತರಿಸುವ ಕತ್ತರಿ, ಉಳಿ, ಸುತ್ತಿಗೆ.

ಎಚ್ಚರ! ಕೀಟನಾಶಕದ ಡಬ್ಬ, ಪೇಂಟ್ ಡಬ್ಬ ಬೇಡವೇ ಬೇಡ. ಎಷ್ಟು ತೊಳೆದರೂ ಬೇಡ. ಸತುವು ಲೇಪಿಸಿದ ತಗಡೂ ಬೇಡ. ಅದು ಕಾದರೆ ಬರುವ ಹೊಗೆ ಕೆಟ್ಟದ್ದು. ತಗಡಿನ ಅಂಚು ಕೈ ಕೊಯ್ಯುತ್ತೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಕತ್ತರಿಸಿದ ಅಂಚನ್ನು ಮಡಚಿ ಬಡಿಯಿರಿ.

ಮಾಡುವ ಬಗೆ

1. ದೊಡ್ಡ ಡಬ್ಬದ ಮೇಲ್ಭಾಗ ಕತ್ತರಿಸಿ ತೆಗೆಯಿರಿ. ಆ ತಗಡನ್ನು ಎಸೆಯಬೇಡಿ. ಅದರ ನಡುವೆ ಐದು ಅಂಗುಲದ ತೂತು ಮಾಡಿ.

2. ದೊಡ್ಡ ಡಬ್ಬದ ಮುಂದುಗಡೆ, ತಳದಿಂದ ಎರಡು ಅಂಗುಲ ಮೇಲೆ, ನಾಲ್ಕು ಅಂಗುಲದ ದುಂಡು ತೂತು ಮಾಡಿ.

3. ಐದಂಗುಲದ ಒಂದು ಡಬ್ಬದ ತಳ ಹಾಗೇ ಇರಲಿ. ಬದಿಯಲ್ಲಿ, ತಳದ ಹತ್ತಿರ, ನಾಲ್ಕು ಅಂಗುಲದ ತೂತು ಮಾಡಿ. ಇನ್ನೊಂದರ ತಳವನ್ನೂ ತೆಗೆದು, ಮೊದಲನೆಯದರ ಮೇಲೆ ಬಿಗಿಯಾಗಿ ಕೂರಿಸಿ. ಇದು ಉರಿ ಏರುವ ಗೂಡು.

4. ದೊಡ್ಡ ಡಬ್ಬದೊಳಗೆ ಎರಡು ಅಂಗುಲ ಬೂದಿ ಹಾಕಿ. ಅದರ ಮೇಲೆ ಗೂಡು ನಿಲ್ಲಿಸಿ. ಗೂಡಿನ ತುದಿ ದೊಡ್ಡ ಡಬ್ಬದ ಬಾಯಿ ಮಟ್ಟಕ್ಕೆ ಬರಬೇಕು.

5. ನಾಲ್ಕಂಗುಲದ ಡಬ್ಬದ ಎರಡೂ ಕಡೆ ತೆಗೆದು ಕೊಳವೆ ಮಾಡಿ. ಅದನ್ನು ಮುಂದಿನ ತೂತಿನಿಂದ ಗೂಡಿನ ತೂತಿಗೆ ಸೇರಿಸಿ. ಇದು ಒಲೆ ಬಾಯಿ.

6. ಸುತ್ತ ಖಾಲಿ ಇರುವ ಕಡೆಯೆಲ್ಲ ಬೂದಿ ತುಂಬಿ. ಮೇಲೆ ತೂತಿನ ತಗಡು ಮುಚ್ಚಿ.

7. ಒಲೆ ಬಾಯೊಳಗೆ ಒಂದು ತಗಡಿನ ಪಟ್ಟಿ ಅಡ್ಡ ಇಡಿ. ಅದರ ಮೇಲೆ ಸೌದೆ, ಕೆಳಗೆ ಗಾಳಿಗೆ ದಾರಿ.

8. ಪಾತ್ರೆ ಕೂರಲು ಮೇಲೆ ಮೂರು ಕಬ್ಬಿಣದ ತುಂಡು ಇಡಿ. ಗೂಡಿಗೂ ಪಾತ್ರೆಗೂ ನಡುವೆ ಸುಮಾರು ಅರ್ಧ ಅಂಗುಲ ಸಂದು ಇರಲಿ. ಪಾತ್ರೆ ಗೂಡಿನ ಬಾಯಿ ಮುಚ್ಚಿದರೆ ಉರಿ ಕಟ್ಟಿ ಹೊಗೆಯಾಗುತ್ತೆ.

ಬೂದಿಯೇ ಯಾಕೆ, ಮಣ್ಣು ಸಾಲದೇ ಅಂತ ಕೇಳಬಹುದು. ಮಣ್ಣು, ಮರಳು ಶಾಖವನ್ನು ಕುಡಿದುಬಿಡುತ್ತವೆ. ಬೂದಿ ಹಗುರ, ಅದು ಶಾಖವನ್ನು ಹೊರಗೆ ಬಿಡಲ್ಲ. ಹಾಗಾಗಿ ಗೂಡು ಬೇಗ ಕೆಂಪಗೆ ಕಾಯುತ್ತೆ. ಬಿಸಿ ಗಾಳಿ ಮೇಲೇರಿದಂತೆ ಕೆಳಗಿಂದ ಹೊಸ ಗಾಳಿ ತಾನೇ ಎಳೆಯುತ್ತೆ. ಊದುಗೊಳವೆ ಹಿಡಿದು ಊದುವ ಕೆಲಸ ಕಡಿಮೆ.

ಬಳಸುವ ಬಗೆ

ಮೊದಲ ಸಲ ಪಾತ್ರೆ ಇಡದೆ ಬಯಲಲ್ಲಿ ಹಚ್ಚಿ. ಡಬ್ಬದ ಬಣ್ಣ, ಜಿಡ್ಡು ಸುಟ್ಟು ಹೋಗಲಿ. ಆಗ ಮಕ್ಕಳನ್ನು ದೂರ ಇಡಿ, ನೀವೂ ದೂರ ನಿಲ್ಲಿ. ಆಮೇಲೆ ಒಣಗಿದ, ಹೆಬ್ಬೆರಳು ಗಾತ್ರದ ಸೌದೆ ಸಾಕು. ತುದಿ ಮಾತ್ರ ಉರಿಯಲಿ. ಉರಿದಂತೆ ಒಳಗೆ ತಳ್ಳಿ. ಬಾಯಿ ತುಂಬ ತುರುಕಬೇಡಿ.

ಮುದ್ದೆಯ ವಿಷಯ ಬೇರೆ. ಮುದ್ದೆ ಕೋಲು ಹಾಕಿ ತಿರುವುವಾಗ ಈ ಹಗುರ ಒಲೆ ಉರುಳಬಹುದು. ಮೈಮೇಲೆ ಎಸರು ಬಿದ್ದರೆ ಗತಿಯೇನು? ಸುತ್ತ ಇಟ್ಟಿಗೆ ಕಟ್ಟಿ ಮಣ್ಣು ಮೆತ್ತಿ. ಅದು ಆಗದಿದ್ದರೆ ಮುದ್ದೆಗೆ ಹಳೆ ಒಲೆಯೇ ಇರಲಿ. ಅನ್ನ, ಸಾರು, ನೀರಿಗೆ ಡಬ್ಬದ ಒಲೆ ಆಗುತ್ತೆ.

ಹೊಗೆ ಕಡಿಮೆ ಆಗುತ್ತೆ, ಪೂರಾ ನಿಲ್ಲಲ್ಲ. ಈ ಒಲೆಗೆ ಹೊಗೆ ಕೊಳವೆ ಇಲ್ಲ. ಅದಕ್ಕೇ ಜಗುಲಿ ಪಕ್ಕದಲ್ಲೋ ಹಿತ್ತಲಲ್ಲೋ ಇಡಿ. ಸೋಗೆ ಚಪ್ಪರದ ಕೆಳಗೆ ಬೇಡ. ಕೆಂಡ ಇರುವ ಒಲೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿ. ಕೆಂಡದಿಂದ ಬರುವ ವಿಷ ಅನಿಲಕ್ಕೆ ವಾಸನೆ ಇಲ್ಲ, ಅದು ಪ್ರಾಣ ತೆಗೆಯುತ್ತೆ.

ಒಳಗಿನ ಸಣ್ಣ ಡಬ್ಬಗಳು ಬೆಂಕಿಗೆ ಸವೆದು ತೂತಾಗುತ್ತವೆ. ಆಗ ಅವನ್ನಷ್ಟೇ ಬದಲಾಯಿಸಿ.

ನೀವೇ ಪರೀಕ್ಷೆ ಮಾಡಿ

ಎರಡು ಕಟ್ಟು ಒಣ ಸೌದೆಯನ್ನು ಸಮ ತೂಕ ಹಾಕಿ ಇಡಿ. ಒಂದು ಕಟ್ಟಿನಿಂದ ಹಳೆ ಒಲೆಯಲ್ಲಿ ಎರಡು ಚೊಂಬು ನೀರು ಕುದಿಸಿ. ಇನ್ನೊಂದರಿಂದ ಹೊಸ ಒಲೆಯಲ್ಲಿ, ಅದೇ ಪಾತ್ರೆಯಲ್ಲಿ, ಅಷ್ಟೇ ನೀರು ಕುದಿಸಿ. ಉಳಿದ ಸೌದೆ ತೂಗಿ. ಎರಡೂ ಲೆಕ್ಕವನ್ನು ನಿಮ್ಮ ಪುಸ್ತಕದಲ್ಲಿ ನಿಮ್ಮ ಕೈಯಾರೆ ಬರೆಯಿರಿ. ಪಕ್ಕದ ಮನೆಯವರಿಗೂ ಓದಿ ಹೇಳಿ.