ಮುಂಗಾರಿನ ಲೆಕ್ಕವೂ ಕಡಲಿನ ಕಾವಲೂ

ಧಾತು ಈಶ್ವರ ಸಂವತ್ಸರಗಳ ಬರದ ಕಥೆಯನ್ನು ಹಿರಿಯರ ಬಾಯಿಂದ ಕೇಳದ ಮನೆಯು ಮೈಸೂರು ಸೀಮೆಯಲ್ಲಿ ಒಂದು ಕಾಲಕ್ಕೆ ವಿರಳವಾಗಿದ್ದಿತು. 1876ರಿಂದ 1878ರ ವರೆಗಿನ ಆ ಕ್ಷಾಮದಲ್ಲಿ ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ನಾಶವಾಯಿತು. ಮಳೆಯು ಏಕೆ ತಪ್ಪಿತೆಂದರೆ ಅಂದಿನ ಅಧಿಕಾರಿಗಳಲ್ಲಿ ಉತ್ತರವಿರಲಿಲ್ಲ. 1877ರಲ್ಲಿ ಸಾವಿರಾರು ಮೈಲಿ ದೂರದ ಶಾಂತಸಾಗರದ ನೀರು ವಿಪರೀತವಾಗಿ ಕಾದಿದ್ದಿತೆಂಬುದು ಬಹುಕಾಲದ ಮೇಲೆ ತಿಳಿದುಬಂದ ಸಂಗತಿ. ಆ ನೀರಿಗೆ ಆಗ ಕಾವಲುಗಾರರೇ ಇರಲಿಲ್ಲ.

ಈ ಸಂಬಂಧದ ಮೊದಲ ಎಳೆಯು ಸಿಕ್ಕಿದ್ದು ಭಾರತದ ಹವಾಮಾನ ಇಲಾಖೆಯಲ್ಲಿಯೇ ಎಂಬುದನ್ನು ನಮ್ಮವರು ಮರೆಯಬಾರದು. 1904ರಿಂದ 1924ರ ವರೆಗೆ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರನು ದೇಶದೇಶಗಳ ವಾಯುಭಾರದ ದಾಖಲೆಗಳನ್ನು ಒಟ್ಟುಗೂಡಿಸಿ, ಶಾಂತಸಾಗರದಲ್ಲಿ ಒತ್ತಡವು ಏರಿದಾಗ ಹಿಂದೂ ಮಹಾಸಾಗರದ ಕಡೆಯಲ್ಲಿ ಇಳಿಯುವುದೆಂದೂ, ಅಲ್ಲಿ ಇಳಿದಾಗ ಇಲ್ಲಿ ಏರುವುದೆಂದೂ ಕಂಡುಕೊಂಡನು. ಲೆಕ್ಕದ ಯಂತ್ರಗಳಿಲ್ಲದ ಕಾಲ. ರಾಶಿ ರಾಶಿ ಅಂಕಿಗಳನ್ನು ಕೈಯಿಂದ ಕೂಡಿಸಿ ಗುಣಿಸಿದವರು ಭಾರತೀಯ ಗುಮಾಸ್ತರು. ತೂಗುವಿಕೆಗೆ ವಾಕರನ ಹೆಸರು ಬಂದಿತು; ಗುಮಾಸ್ತರ ಹೆಸರನ್ನು ಹೇಳುವವರಿಲ್ಲ. ಗಾಳಿಯ ಈ ತೂಗುವಿಕೆಗೂ ಕಡಲಿನ ಕಾವಿಗೂ ಗಂಟು ಹಾಕಿದವನು ಜೇಕಬ್ ಬ್ಯೆರ್ಕ್ನೆಸ್. ಅದಾಗುವ ಹೊತ್ತಿಗೆ 1969ನೆಯ ಇಸವಿ ಬಂದಿದ್ದಿತು.

ತಿಳಿದ ಮಾತ್ರಕ್ಕೆ ಎಚ್ಚರ ಬಂದಿತೆಂದಲ್ಲ. 1982ರಲ್ಲಿ ಶಾಂತಸಾಗರವು ಮತ್ತೆ ಕಾದಾಗ ಪಂಡಿತರು ಅದನ್ನು ಗುರುತಿಸಿದ್ದು ಬಹಳ ತಡವಾಗಿ. ಅದೇ ವರ್ಷ ಮೆಕ್ಸಿಕೋ ದೇಶದ ಎಲ್ ಚಿಚೋನ್ ಜ್ವಾಲಾಮುಖಿಯು ಸಿಡಿದು, ಅದರ ಧೂಳುಮಬ್ಬು ಉಪಗ್ರಹಗಳ ಕಣ್ಣಿಗೆ ಮಣ್ಣೆರಚಿದ್ದಿತು. ಈ ಪೆಟ್ಟು ತಿಂದ ಮೇಲೆ, 1985ರಿಂದ ಹತ್ತು ವರ್ಷ ದುಡಿದು, ವಿಷುವದ್ರೇಖೆಯ ಎರಡೂ ಮಗ್ಗುಲಲ್ಲಿ ಸುಮಾರು 70 ತೇಲುಬುರುಡೆಗಳನ್ನು ಲಂಗರು ಹಾಕಿ ನಿಲ್ಲಿಸಿದರು. 1994ರ ಡಿಸೆಂಬರಿನಲ್ಲಿ ಪೂರ್ಣವಾದ ಈ ಸಾಲು ಭೂಗೋಳದ ಸುತ್ತಳತೆಯ ಮೂರನೆಯ ಒಂದು ಪಾಲಿಗಿಂತಲೂ ಉದ್ದ. ಮೇಲೆ ಗಾಳಿಯನ್ನೂ, ಕೆಳಗೆ 500 ಮೀಟರು ಆಳದ ವರೆಗೆ ನೀರಿನ ಉಷ್ಣತೆಯನ್ನೂ ಅವು ಅಳೆದು ಸುದ್ದಿ ಕಳುಹಿಸುತ್ತವೆ.

ಉಪಗ್ರಹಗಳಿರುವಾಗ ಬುರುಡೆಗಳ ವೆಚ್ಚವೇಕೆಂದು ಕೇಳುವವರುಂಟು. ಉಪಗ್ರಹವು ಕಾಣುವುದು ಕಡಲಿನ ಚರ್ಮವನ್ನು ಮಾತ್ರ. ಕಾದ ನೀರು ಪಶ್ಚಿಮದಿಂದ ಪೂರ್ವಕ್ಕೆ ಹೊರಡುವುದು ಮೇಲ್ಮೈಯ ಕೆಳಗೆ. ಅದು ಮೇಲೆದ್ದು ತೋರುವುದಕ್ಕೆ ಕೆಲವು ತಿಂಗಳುಗಳೇ ಹಿಡಿಯುತ್ತವೆ. ಮುನ್ಸೂಚನೆಯ ಬೆಲೆಯೆಲ್ಲ ಆ ತಿಂಗಳುಗಳಲ್ಲಿಯೇ ಇದೆ.

ಕಟ್ಟುವುದಕ್ಕಿಂತ ಕಾಯುವುದು ಕಷ್ಟ. ಬುರುಡೆಯ ನೆರಳಿಗೆ ಮೀನು ಸೇರುತ್ತದೆ. ಮೀನಿಗಾಗಿ ಬಂದ ದೋಣಿಗಳು ಅದಕ್ಕೇ ಹಗ್ಗ ಕಟ್ಟಿ ಯಂತ್ರವನ್ನು ಕೆಡಿಸುತ್ತವೆ. ಕಾಲಕಾಲಕ್ಕೆ ಹಡಗು ಹೋಗಿ ಹೊಸದನ್ನು ಇಡಲೇಬೇಕು. ಅಮೆರಿಕದವರು ಈ ಕೆಲಸಕ್ಕೆಂದೇ ಇಟ್ಟಿದ್ದ ಕಾ-ಇಮಿಮೊವಾನ ಎಂಬ ಹಡಗನ್ನು 2012ರಲ್ಲಿ ಮಿತವ್ಯಯದ ಹೆಸರಿನಲ್ಲಿ ನಿಲ್ಲಿಸಿದರು. ಎರಡು ವರ್ಷಗಳೊಳಗೆ ಅವರ ಬುರುಡೆಗಳಿಂದ ಬರುವ ಸುದ್ದಿಯು ಬರತಕ್ಕದ್ದರಲ್ಲಿ ನೂರಕ್ಕೆ 40ರಷ್ಟಕ್ಕೆ ಇಳಿಯಿತು. ಬಳಿಕ ಎಚ್ಚೆತ್ತು ಸರಿಪಡಿಸಿದರೆನ್ನಿ. ಆದರೆ ಅಳೆಯದೆ ಹೋದ ದಿನಗಳ ಕಾವನ್ನು ಇನ್ನು ಯಾರು ಅಳೆದಾರು?

ನಮ್ಮ ಕಡಲಿಗೆ ಬರೋಣ. 1997ರಲ್ಲಿ ಶಾಂತಸಾಗರವು ಶತಮಾನದಲ್ಲಿಯೇ ಅತಿಯಾಗಿ ಕಾದಿದ್ದರೂ ನಮ್ಮ ಮುಂಗಾರು ಸರಿಯಾಗಿಯೇ ಆಯಿತು. ಅಷ್ಟು ಕಾವಿಲ್ಲದ 2002ರಲ್ಲಿ ಬರ ಬಿದ್ದಿತು. ಲೆಕ್ಕವು ಶಾಂತಸಾಗರದಿಂದಲೇ ಮುಗಿಯುವುದಿಲ್ಲವೆಂದಾಯಿತು. ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ಏರಿಳಿತವುಂಟೆಂದು 1999ರಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಮಾಗತ ಎಂಬ ವಿದ್ವಾಂಸರು ತೋರಿಸಿಕೊಟ್ಟರು. 2004ರಿಂದ ಇಲ್ಲಿಯೂ 46 ಬುರುಡೆಗಳ ಸಾಲೊಂದನ್ನು ನಿಲ್ಲಿಸುವ ಯೋಜನೆ ಹೊರಟಿತು. ಭಾರತವೂ ಹಡಗುಗಳನ್ನು ಕೊಟ್ಟಿತು. ಪಶ್ಚಿಮ ಭಾಗದಲ್ಲಿ ಸೊಮಾಲಿಯದ ಕಡಲುಗಳ್ಳರ ಭಯದಿಂದ ಕೆಲಸವು ಹಿಂದೆ ಬಿದ್ದಿತು. ವಿಜ್ಞಾನಕ್ಕೂ ಕಳ್ಳರ ಕಾಟ!

ಶಾಂತಸಾಗರದ ಈ ಕಾವು ಎರಡರಿಂದ ಏಳು ವರ್ಷಗಳಿಗೊಮ್ಮೆ ಬರತಕ್ಕದ್ದು. ಮೂವತ್ತು ವರ್ಷ ಕಾದು ಕುಳಿತರೂ ಕೈಗೆ ಸಿಕ್ಕುವ ನಿದರ್ಶನಗಳು ಹತ್ತು ಹನ್ನೆರಡು ಮಾತ್ರ. ಇಷ್ಟರಲ್ಲಿ ಕಡಲಿನ ಸಹಜವಾದ ಏರಿಳಿತವೆಷ್ಟು, ಮನುಷ್ಯನು ಹೊಗೆಯುಗುಳಿ ಏರಿಸಿದ ಕಾವೆಷ್ಟು ಎಂದು ಬೇರ್ಪಡಿಸಬೇಕು. ಹಣದ ಮಂಜೂರಾತಿಯಾದರೋ ವರ್ಷಕ್ಕೊಮ್ಮೆ ಆಗುತ್ತದೆ. ಮಳೆ ಚೆನ್ನಾಗಿ ಬಂದ ವರ್ಷವೇ ಈ ಬಾಬ್ತಿಗೆ ಕತ್ತರಿ ಬೀಳುವ ಅಪಾಯವು ಹೆಚ್ಚು. ಆಯವ್ಯಯದ ಕಡತಗಳನ್ನು ನೋಡುವ ಅಧಿಕಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.